ಎಡಗಡೆ ಕನ್ನಡಿಯ ಇಬ್ಬನಿ

ಹೋದ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ, ಮಲೇಬೆನ್ನೂರು ಕಡೆಯ ನಮ್ಮ ಗದ್ದೆಯಿಂದ ಜೀಪು ಹೊರಡಿಸಿ ಕಾಲುವೆ ಏರಿಯ ಮೇಲೆ ಹಿಂದಕ್ಕೆ ತೆಗೆಯುತ್ತಿದ್ದೆ. ಬಲಗಡೆ ಮಿರರನ್ನು ಟವೆಲಿನಿಂದ ಒರೆಸಿಕೊಂಡಿದ್ದೆ. ಎಡಗಡೆಯದಕ್ಕೆ ಕೂತಲ್ಲಿಂದ ಕೈ ಎಟುಕುವುದಿಲ್ಲ. ಇಳಿದು ಸುತ್ತಿ ಹೋಗಿ ಒರೆಸಲು ಸೋಮಾರಿತನ. ಆ ಕಡೆಯಿಂದಲೇ ಹಾಲಿನವನು ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬಂದ. ಅವನು ಕೂಗಿದ್ದರಿಂದ ಬ್ರೇಕು ಒತ್ತಿದೆ. ಇನ್ನೊಂದು ಗೇಣು ಹೋಗಿದ್ದರೆ ಅವನೂ ಹಾಲೂ ಭದ್ರಾ ನಾಲೆಯ ಪಾಲಾಗುತ್ತಿದ್ದರು. ತಪ್ಪು ಪೂರ್ತಿ ನನ್ನದೇ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು. ತಣ್ಣೀರಿನ ಲೋಟದ ಹೊರಮೈ ಯಾಕೆ ಬೆವರುತ್ತದೆ ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಜೀಪಿನ ಕನ್ನಡಿಯೂ ಅಂಥದೇ ಲೋಟ ಎಂದು ಹೊಳೆಯಲು ಹಾಲಿನವನು ಬೈಯಬೇಕಾಯಿತು.

ದಾವಣಗೆರೆ ಎಂದರೆ ಬಿಸಿಲು, ಬೆಣ್ಣೆದೋಸೆ, ಮಂಡಕ್ಕಿ. ಇಲ್ಲಿ ಕನ್ನಡಿಗೆ ಹೀಟರ್ ಹಾಕಿಸುತ್ತೇನೆ ಎಂದರೆ ಜನ ನಗುತ್ತಾರೆ. ಆದರೆ ಊರು ದಾಟಿ ಹರಿಹರ, ಮಲೇಬೆನ್ನೂರು ಕಡೆ ಹೊರಳಿ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಬರುವ ಭದ್ರಾ ನೀರು ಕುಡಿದು ನಿಂತ ಗದ್ದೆಗಳು. ಒಂದು ಪಕ್ಕಕ್ಕೆ ತುಂಗಭದ್ರೆ. ಚಳಿಗಾಲದ ನಸುಕಿನಲ್ಲಿ ಅಲ್ಲಿಯ ಗಾಳಿ ಹಿಂಡಿದರೆ ನೀರು ಬೀಳುವಂತಿರುತ್ತದೆ. ಬಯಲಲ್ಲಿ ನಿಂತ ಜೀಪಿನ ಕನ್ನಡಿ ರಾತ್ರಿಯೆಲ್ಲ ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿನ ಆವಿ ಅಲ್ಲೇ ಕೂತು ನೀರಾಗುತ್ತದೆ. ಹುಣಸೆ ಮರದಡಿ ನಿಲ್ಲಿಸಿದ ದಿನ ಇಬ್ಬನಿ ಅಷ್ಟಾಗಿ ಕೂರುವುದಿಲ್ಲ, ಗಮನಿಸಿ ನೋಡಿ. ಮರ ಆಕಾಶಕ್ಕೆ ಅಡ್ಡ ನಿಂತು ಕನ್ನಡಿಗೆ ಹೊದಿಕೆಯಾಗಿರುತ್ತದೆ.

ಗಾಡಿ ಓಡಿದರೆ ಗಾಳಿಗೆ ಒಣಗುವುದಿಲ್ಲವೇ? ಒಣ ಗಾಳಿಯಾದರೆ ಒಣಗುತ್ತದೆ. ಮಂಜು ಕವಿದ ಗಾಳಿಯ ಹೊಟ್ಟೆ ಮೊದಲೇ ತುಂಬಿರುತ್ತದೆ, ಅದು ಇನ್ನಷ್ಟು ನೀರನ್ನು ಹೀರುವುದಿಲ್ಲ. ಗಾಜನ್ನೇ ಗಾಳಿಗಿಂತ ನಾಲ್ಕಾರು ಡಿಗ್ರಿ ಬೆಚ್ಚಗೆ ಇಟ್ಟರೆ ಮಾತ್ರ ಇಬ್ಬನಿಗೆ ಅಲ್ಲಿ ಜಾಗವಿಲ್ಲ. ಹಿಮ ಬೀಳುವ ದೇಶಗಳ ಕಾರುಗಳಲ್ಲಿ ಇದು ಹೊಸದಲ್ಲ. ಹಿಂದಿನ ಗಾಜಿನ ತಂತಿಗಳನ್ನು ಬಿಸಿಮಾಡುವ ಗುಂಡಿ, ಅಂದರೆ ಚೌಕದೊಳಗೆ ಮೂರು ಬಳುಕುವ ಬಾಣಗಳಿರುವುದು, ಅನೇಕ ಕಾರುಗಳಲ್ಲಿ ಸೈಡ್ ಮಿರರನ್ನೂ ಬೆಚ್ಚಗೆ ಮಾಡುತ್ತದೆ. ನಮ್ಮಲ್ಲೂ ದುಬಾರಿ ಗಾಡಿಗಳಿಗೆ ಕಂಪನಿಯೇ ಕೊಡುತ್ತದೆ. ನನ್ನದು ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್ ಎಂಜಿನ್ನಿನ ಕಾಲದ್ದು. ಅದಕ್ಕೆ ಕಂಪನಿ ಕೊಟ್ಟದ್ದು ಕಬ್ಬಿಣ ಮತ್ತು ಧೈರ್ಯ, ಅಷ್ಟೆ.

ದಾವಣಗೆರೆಯ ಪಿ.ಬಿ. ರಸ್ತೆಯ ಹತ್ತಿರ ಆಟೋ ಎಲೆಕ್ಟ್ರಿಷಿಯನ್ ಆಗಿರುವ ಹಳೆಯ ಶಿಷ್ಯನೊಬ್ಬನಿದ್ದಾನೆ. ಚಿಕ್ಕಮಗಳೂರಿನ ಗುಡ್ಡಗಳಿಗೆ ಥಾರ್ ಹತ್ತಿಸುವ ಹುಡುಗರಿಗೆ ಲೈಟು, ವಿಂಚು ಕೂರಿಸಿಕೊಡುವವನು. ಅವನು ಎರಡು ಹೀಟರ್ ಪ್ಯಾಡು ತೆಗೆದಿಟ್ಟ. ನೋಡಲು ಪ್ಲಾಸ್ಟಿಕ್ ಹಾಳೆ, ಒಳಗೆ ಕೋಡುಬಳೆಯಂತೆ ಸುತ್ತಿದ ವಿದ್ಯುತ್ ಗೆರೆ, ಒಂದು ಮೈಗೆ ಅಂಟು. ಒಂದೊಂದು 10 ವ್ಯಾಟಿನದು.

“ಹತ್ತು ವ್ಯಾಟಿಗೆ ಏನಾಗುತ್ತೋ?” ಎಂದೆ.

“ಲೆಕ್ಕ ಹಾಕ್ರಿ ಮೇಷ್ಟ್ರೇ, ನೀವೇ ಕಲಿಸಿದ್ದು,” ಎಂದ.

ಹಾಕಿದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅಂಗೈಗಿಂತ ತುಸು ದೊಡ್ಡ ಕನ್ನಡಿಯ ಮೇಲೆ ಕೂರುವ ಇಬ್ಬನಿ ಅರ್ಧ ಗ್ರಾಂ ಎಂದುಕೊಂಡರೆ 1,200 ಜೂಲ್. ನೂರು ಗ್ರಾಂ ಗಾಜನ್ನು 15 ಡಿಗ್ರಿ ಏರಿಸಲು ಮತ್ತೆ ಅಷ್ಟೇ ಬೇಕು. ಹತ್ತು ವ್ಯಾಟ್ ಎಂದರೆ ಸೆಕೆಂಡಿಗೆ ಹತ್ತು ಜೂಲ್, ಒಟ್ಟು ನಾಲ್ಕು ನಿಮಿಷ. ಗಾಳಿಗೆ ಸೋರಿಹೋಗುವುದನ್ನೂ ಸೇರಿಸಿದರೆ ಐದಾರು. ಆ ಹೊತ್ತಿಗೆ ಹಳೆ ಡೀಸೆಲ್ ಎಂಜಿನ್ನೂ ಹದಕ್ಕೆ ಬಂದಿರುತ್ತದೆ.

ಕಷ್ಟ ಶಾಖದ್ದಲ್ಲ, ತಂತಿಯದು. ಈಗಿನ ಗಾಡಿಗಳಲ್ಲಿ ಮಿರರಿನ ಪ್ಲಾಸ್ಟಿಕ್ ಚಿಪ್ಪಿನೊಳಗೆ ಜಾಗವಿರುತ್ತದೆ, ಬಾಗಿಲಿನ ರಬ್ಬರ್ ಕೊಳವೆಯಲ್ಲಿ ತಂತಿ ಇಳಿಸಬಹುದು. ನನ್ನ ಜೀಪಿನ ಮಿರರು ನಿಂತಿರುವುದು ಮುಂದಿನ ಗಾಜಿನ ಚೌಕಟ್ಟಿಗೆ ಬಿಗಿದ ಗಟ್ಟಿ ರಾಡಿನ ಮೇಲೆ. ಹೊರಗಿನಿಂದ ತಂತಿ ಸುತ್ತಿದರೆ ಮೊದಲ ಮುಳ್ಳಿನ ಪೊದೆಯೇ ಕಿತ್ತುಕೊಂಡು ಹೋಗುತ್ತದೆ. ರಾಡು ತೆಗೆದು ಪೈಪು ಹಾಕಬೇಕು, ಅದಕ್ಕೆ ಹರಿಹರಕ್ಕೇ ಹೋಗಬೇಕು.

1941ರಲ್ಲಿ ಶುರುವಾಗಿ ನಾಡಿಗೆಲ್ಲ ಲೇತುಗಳನ್ನು ಕಟ್ಟಿಕೊಟ್ಟ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಕಳೆಯಿತು. ಅಲ್ಲಿ ಪಳಗಿದ ಕೈಗಳು ಮಾತ್ರ ಊರಿನ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ಇವೆ. ನಾನು ಹೋದ ಲೇತಿನ ಯಜಮಾನರಿಗೆ ಎಪ್ಪತ್ತು ದಾಟಿದೆ. ಪೈಪು ಹಾಕಿದರೆ ಮಿರರು ನಡುಗುವುದಿಲ್ಲವೇ ಎಂದು ಕೇಳಿದೆ. ರಾಡನ್ನು ಅಂಗೈಯಲ್ಲಿ ತೂಗಿ ನೋಡಿ, “ನಡುವಿನ ಕಬ್ಬಿಣ ಬರೀ ಭಾರಕ್ಕ ಐತಿ ಮೇಷ್ಟ್ರೇ. ಬಿಗಿ ಇರೋದು ಮೈಯಾಗ,” ಎಂದರು. ಆಮೇಲೆ ಮನೆಯಲ್ಲಿ ಲೆಕ್ಕ ಮಾಡಿದೆ. ಬಾಗದಿರುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಅವರು ಆರಿಸಿದ ಪೈಪಿಗೆ ಹೊರಗೆ 14 ಮಿಲಿಮೀಟರ್, ಒಳಗೆ 8. ಹಳೆಯ 12 ಮಿಲಿಮೀಟರಿನ ಗಟ್ಟಿ ರಾಡಿಗಿಂತ ಅದು ಒಂದೂವರೆ ಪಟ್ಟಿಗೂ ಹೆಚ್ಚು ಬಿಗಿ, ತೂಕದಲ್ಲಿ ತುಸು ಕಡಿಮೆ.

ಪೈಪನ್ನು ಬಗ್ಗಿಸಿದ ರೀತಿ ಹೇಳಲೇಬೇಕು. ಹಾಗೇ ಬಗ್ಗಿಸಿದರೆ ಮೂಲೆಯಲ್ಲಿ ಚಪ್ಪಟೆಯಾಗಿ ತಂತಿಯ ದಾರಿ ಮುಚ್ಚುತ್ತದೆ. ತುಂಗಭದ್ರೆಯ ಸಣ್ಣ ಮರಳನ್ನು ಬಾಣಲೆಯಲ್ಲಿ ಮಂಡಕ್ಕಿ ಹುರಿದಂತೆ ಹುರಿದರು. ಒಂದು ಹನಿ ತೇವ ಉಳಿದರೂ ಬೆಂಕಿಯಲ್ಲಿ ಅದು ಆವಿಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದಂತೆ. ಮರಳನ್ನು ಪೈಪಿಗೆ ತಟ್ಟಿ ತಟ್ಟಿ ತುಂಬಿ, ಎರಡೂ ತುದಿಗೆ ಮರದ ಬಿರಡೆ ಬಡಿದು, ಬಗ್ಗಬೇಕಾದ ಜಾಗವನ್ನಷ್ಟೇ ಕೆಂಪಗೆ ಕಾಯಿಸಿ, ವೈಸಿನಲ್ಲಿ ಹಿಡಿದು ನಿಧಾನ ಎಳೆದರು. ತಣ್ಣಗಾದ ಮೇಲೆ ಕವುಚಿ ತಟ್ಟಿದರೆ ಮರಳು ಸುರ್ರೆಂದು ಸುರಿಯಿತು. ಬಾಗು ಗುಂಡಗೇ ಇತ್ತು. ತುದಿಗೆ ಲೇತಿನಲ್ಲಿ ತಿರುಪಿನ ಮರೆ ಕೊರೆದು ಕೊಟ್ಟರು. ಪ್ಯಾಡುಗಳಿಗಿಂತ ಈ ಕೆಲಸಕ್ಕೇ ಹೆಚ್ಚು ಖರ್ಚಾಯಿತು, ಹೆಚ್ಚೆನಿಸಲಿಲ್ಲ.

ಪ್ಯಾಡು ಅಂಟಿಸುವುದನ್ನು ನಾನೇ ಮಾಡಲು ಹೋಗಿ ಎಡಗಡೆ ಗಾಜು ಒಡೆದೆ. ಅವಸರಕ್ಕೆ ಗಾಜಿನಂಗಡಿಯಲ್ಲಿ ಮನೆಕನ್ನಡಿಯ ತುಂಡು ಕತ್ತರಿಸಿ ಕೂರಿಸಿದೆ. ಹಿಂದಿನ ರಸ್ತೆ ಅರ್ಧಕ್ಕರ್ಧ ಮಾಯ! ಗಾಡಿಯದು ತುಸು ಉಬ್ಬು ಗಾಜು, ಅದಕ್ಕೇ ಅಗಲಕ್ಕೆ ಕಾಣುತ್ತದೆ. ಮತ್ತೆ ಉಬ್ಬು ಗಾಜನ್ನೇ ತಂದು, ಈ ಸಲ ಶಿಷ್ಯನ ಕೈಗೆ ಕೊಟ್ಟೆ. ಅವನು ನಡುವಿನಿಂದ ಅಂಚಿನ ಕಡೆಗೆ ಬೆರಳಾಡಿಸುತ್ತ ಅಂಟಿಸಿದ. ಗುಳ್ಳೆ ಉಳಿದರೆ ಅಲ್ಲಿಯ ಶಾಖ ಗಾಜಿಗೆ ದಾಟದೆ ಪ್ಯಾಡನ್ನೇ ಸುಡುತ್ತದೆ.

ವಯರಿಂಗಿನಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು. ಎರಡೂ ಪ್ಯಾಡು ಸೇರಿ ಎಳೆಯುವುದು 1.7 ಆಂಪಿಯರ್, ಒಂದು ಹೆಡ್‌ಲೈಟಿನ ಅರ್ಧವೂ ಇಲ್ಲ. ಐದು ಆಂಪಿಯರ್ ಫ್ಯೂಸು, ಒಂದು ಸ್ವಿಚ್ಚು ಸಾಕು, ರಿಲೇ ಯಾಕೆ ಎಂದು ನಾನು. ಬೇಕೇ ಬೇಕು ಎಂದು ಅವನು. ಮೇಷ್ಟ್ರು ಗೆದ್ದರು. ಎಂಟನೇ ದಿನ ರಾತ್ರಿ ಸ್ವಿಚ್ಚು ಆರಿಸಲು ಮರೆತೆ. ಹತ್ತು ಗಂಟೆಗೆ 17 ಆಂಪಿಯರ್ ಅವರ್ ಖಾಲಿ. ಮುದಿ ಬ್ಯಾಟರಿಗೆ ಅಷ್ಟೇ ಸಾಕಾಯಿತು. ಗದ್ದೆಗೆ ಬಂದ ಆಳುಗಳು ಜೀಪು ತಳ್ಳಿದರು. ಕನ್ನಡಿ ಮಾತ್ರ ಫಳಫಳ ಹೊಳೆಯುತ್ತಿತ್ತು. “ಜೀಪಿಗೆ ಮುಖ ತೊಳಸಿ ಕಾಫಿನೂ ಕೊಟ್ಬಿಡ್ರಿ,” ಎಂದಳು ಹೆಂಡತಿ. ಈಗ ಇಗ್ನಿಷನ್ ಕೀ ತಿರುಗಿಸಿದರಷ್ಟೇ ಎಳೆಯುವ ರಿಲೇ ಇದೆ, ಹತ್ತು ನಿಮಿಷಕ್ಕೆ ತಾನೇ ಆರುವ ಟೈಮರೂ ಇದೆ.

ಆರ್‌ಟಿಒದವರು ಹಿಡಿಯುವುದಿಲ್ಲವೇ ಎಂದು ಬೀದಿಯಲ್ಲಿ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿ ಬರೆದ ವಿವರಗಳಿಗೇ ಹೊಂದದಂಥ ಬದಲಾವಣೆಗಳನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ನನ್ನ ಕೆಎ-17 ಜೀಪಿನ ಆರ್‌ಸಿಯಲ್ಲಿ ಕನ್ನಡಿ ತಣ್ಣಗಿರಬೇಕು ಎಂದೇನೂ ಬರೆದಿಲ್ಲ.

ಜನವರಿಯಲ್ಲಿ ಮತ್ತೆ ಅದೇ ಏರಿ, ಅದೇ ನಸುಕು. ಗುಂಡಿ ಒತ್ತಿ ಕೂತೆ. ಕನ್ನಡಿಯ ನಡುವೆ ಮೊದಲು ರೂಪಾಯಿ ಬಿಲ್ಲೆಯಷ್ಟು ತಿಳಿಯಾಯಿತು, ಆಮೇಲೆ ದೋಸೆಯಂತೆ ಅಗಲಿಸಿತು. ಅಂಚಿನ ಇಬ್ಬನಿ ಕಡೆಗೆ ಹೋಯಿತು. ಅದರೊಳಗೆ ಮೊಪೆಡ್ಡು ಕಾಣಿಸಿತು. ಹಾಲಿನವನು ಪಕ್ಕಕ್ಕೆ ಬಂದು ನಿಂತು, “ಈಗ ಕಾಣ್ತೀನೇನ್ರೀ ಮೇಷ್ಟ್ರೇ?” ಎಂದು ಕೇಳಿದ. ಹೂಂ ಎಂದೆ. ಅವನು ತನ್ನ ಗಾಡಿಯ ಮಿರರನ್ನು ಹೆಬ್ಬೆರಳಲ್ಲಿ ಒರೆಸಿಕೊಂಡು ಮುಂದೆ ಹೋದ.