ಉಪ್ಪಿಟ್ಟಿನ ಬಿಲ್ ಕಟ್ಟಿದವರು ಯಾರು?

ನಿವೃತ್ತಿಯಾದ ಮರುತಿಂಗಳೇ ‘ನಿವೃತ್ತರಿಗೆ ಉಚಿತ ಹಣಕಾಸು ಪಾಠ’ ಅಂತ ಕರೆ ಬಂತು. ಲಷ್ಕರ್ ಮೊಹಲ್ಲಾದ ನಮ್ಮ ಮನೆಯಿಂದ ಹತ್ತು ನಿಮಿಷ. ಫಿಲೋಮಿನಾ ಚರ್ಚಿನ ಗೋಪುರ ನೋಡಿಕೊಂಡೇ ನಡೆದೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ, ಒಂದು ಪೆನ್ನು. ಪಾಠವೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೊನೆಗೊಂದು ಫಾರಂ: ಹೆಸರು, ಮೊಬೈಲ್, ಗ್ರಾಚ್ಯುಟಿ ಎಷ್ಟು ಬಂತು? ಮರುದಿನದಿಂದ ಫೋನೋ ಫೋನು, ಮ್ಯೂಚುವಲ್ ಫಂಡಿನಲ್ಲಿ ಹಣ ಹಾಕಿ ಅಂತ.

ಮ್ಯೂಚುವಲ್ ಫಂಡಿನ ರೆಗ್ಯುಲರ್ ಪ್ಲಾನಿನಲ್ಲಿ ಹತ್ತು ಲಕ್ಷ ಇಟ್ಟೆ, ವಿತರಕರ ಕಮಿಷನ್ ಶೇ. 1 ಅಂತಿಟ್ಟುಕೊಳ್ಳಿ. ವರ್ಷಕ್ಕೆ 10,000 ರೂಪಾಯಿ, ಹಣ ಅಲ್ಲಿರುವವರೆಗೂ. ನಾನು ಚೆಕ್ ಬರೆಯುವುದಿಲ್ಲ. ಫಂಡಿನ ಖರ್ಚಿನಲ್ಲೇ ಸದ್ದಿಲ್ಲದೆ ಮುರಿದುಕೊಳ್ಳುತ್ತಾರೆ. ಮಧ್ಯವರ್ತಿಯಿಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆ. ಆ ದಿನ ಅದರ ಸುದ್ದಿಯೇ ಬರಲಿಲ್ಲ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಸುದ್ದಿಯೂ ಇಲ್ಲ. 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ. ಅದರ ಮೇಲಿದ್ದ ಏಜೆಂಟರ ಕಮಿಷನ್ 2011ರ ಡಿಸೆಂಬರಿನಲ್ಲೇ ನಿಂತಿತ್ತು. ಕಾರಣ ಹುಡುಕಲು ನಾನು ದೂರ ಹೋಗಲಿಲ್ಲ.

ಎಲ್ಲ ಉಚಿತ ಪಾಠವೂ ಬಲೆಯಲ್ಲ. ಹೂಡಿಕೆದಾರರ ಶಿಕ್ಷಣಕ್ಕೆಂದು ಫಂಡ್ ಕಂಪನಿಗಳು ಲಕ್ಷಕ್ಕೆ ವರ್ಷಕ್ಕೆ 20 ರೂಪಾಯಿಯಂತೆ ತೆಗೆದಿಡಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ 2012ರಲ್ಲಿ ಹೇಳಿತು. ಅದೂ ನಮ್ಮದೇ ದುಡ್ಡು ಅನ್ನಿ. ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರಾದರೆ ನೇರವಾಗಿ ಫೀಸು ಕೇಳುತ್ತಾರೆ. ಅದೇ ಗಿರಾಕಿಯ ಹೂಡಿಕೆಯ ಮೇಲೆ ಕಮಿಷನ್ ಮುಟ್ಟುವಂತಿಲ್ಲ.

ಮೊನ್ನೆ ಮತ್ತೆ ಫೋನ್. “ನಿಮಗೆ ಕಮಿಷನ್ ಎಷ್ಟು ಸಿಗುತ್ತಪ್ಪಾ?” ಅಂದೆ.

“ಸಾರ್, ಒಂದ್ನಿಮಿಷ, ಮೇಡಂ ಹತ್ರ ಕೇಳಿ ಮಾಡ್ತೀನಿ.”

ಇನ್ನೂ ಮಾಡಿಲ್ಲ. ಪೆನ್ನು ಮಾತ್ರ ಚೆನ್ನಾಗಿ ಬರೀತಿದೆ.