ವಿಶ್ವವಿದ್ಯಾನಿಲಯ ಮತ್ತು ಕಾಲೇಜುಗಳಲ್ಲಿ ಲೈಂಗಿಕ ದೌರ್ಜನ್ಯ: ದೂರು, ವಿಚಾರಣೆ ಹಾಗೂ ಶಿಸ್ತುಕ್ರಮದ ಬಗ್ಗೆ ಸಾರ್ವಜನಿಕ ಮಾಹಿತಿ

ಪೀಠಿಕೆ

ಉನ್ನತ ಶಿಕ್ಷಣ ಸಂಸ್ಥೆಯ ಆವರಣದಲ್ಲಿ ಲೈಂಗಿಕ ಕಿರುಕುಳ ಅಥವಾ ದೌರ್ಜನ್ಯ ನಡೆದಾಗ ನೊಂದವರ ಮುಂದೆ ಎರಡು ಮಾರ್ಗಗಳಿರುತ್ತವೆ. ಒಂದು, ಸಂಸ್ಥೆಯೊಳಗಿನ ಆಂತರಿಕ ದೂರು ಸಮಿತಿ. ಮತ್ತೊಂದು, ಪೊಲೀಸ್ ಮತ್ತು ನ್ಯಾಯಾಲಯ. ಇವೆರಡೂ ಪರಸ್ಪರ ಸ್ವತಂತ್ರವಾದವು. ಒಂದನ್ನು ಆರಿಸಿಕೊಂಡ ಮಾತ್ರಕ್ಕೆ ಮತ್ತೊಂದರ ಹಕ್ಕು ಹೋಗುವುದಿಲ್ಲ. ಈ ವಿಷಯದ ಅರಿವಿಲ್ಲದ ಕಾರಣ ಅನೇಕರು ಸಂಸ್ಥೆಯ ತೀರ್ಮಾನಕ್ಕಾಗಿ ಕಾಯುತ್ತಾ ಪೊಲೀಸರ ಬಳಿಗೆ ಹೋಗುವುದಿಲ್ಲ. ಇನ್ನು ಕೆಲವರು ಪೊಲೀಸ್ ದೂರು ನೀಡಿದ್ದೇವೆಂದು ಸಮಿತಿಗೆ ದೂರು ಸಲ್ಲಿಸುವ ಕಾಲಮಿತಿಯನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ವಿದ್ಯಾರ್ಥಿಗಳು, ನೌಕರರು ಹಾಗೂ ಪೋಷಕರ ತಿಳುವಳಿಕೆಗಾಗಿ ಎರಡೂ ಮಾರ್ಗಗಳ ವಿವರವನ್ನು ಇಲ್ಲಿ ನೀಡಲಾಗಿದೆ.

ಕಾನೂನಿನ ಹಿನ್ನೆಲೆ

1997ರ ಆಗಸ್ಟ್ 13ರಂದು ಸರ್ವೋಚ್ಚ ನ್ಯಾಯಾಲಯವು ವಿಶಾಖಾ ಪ್ರಕರಣದಲ್ಲಿ ತೀರ್ಪು ನೀಡಿ, ಕೆಲಸದ ಸ್ಥಳಗಳಲ್ಲಿ ದೂರು ಸಮಿತಿಗಳನ್ನು ರಚಿಸುವಂತೆ ಮಾರ್ಗಸೂಚಿಗಳನ್ನು ಹೊರಡಿಸಿತು. ಅವುಗಳ ಆಧಾರದ ಮೇಲೆ ಸಂಸತ್ತು 2013ರಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ (ತಡೆ, ನಿಷೇಧ ಮತ್ತು ಪರಿಹಾರ) ಅಧಿನಿಯಮವನ್ನು ಅಂಗೀಕರಿಸಿತು. ವಿದ್ಯಾರ್ಥಿಗಳ ಪರಿಸ್ಥಿತಿ ನೌಕರರ ಪರಿಸ್ಥಿತಿಗಿಂತ ಭಿನ್ನವಾದುದರಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು (ಯುಜಿಸಿ) ಪ್ರತ್ಯೇಕವಾಗಿ 2015ರ ನಿಯಮಾವಳಿಗಳನ್ನು ರೂಪಿಸಿ, 2016ರ ಮೇ 2ರಂದು ರಾಜಪತ್ರದಲ್ಲಿ ಪ್ರಕಟಿಸಿತು. ಕರ್ನಾಟಕವೂ ಸೇರಿದಂತೆ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಈ ನಿಯಮಾವಳಿಗಳು ಅನ್ವಯವಾಗುತ್ತವೆ.

ಯಾವ ಸ್ಥಳ, ಯಾವ ವ್ಯಕ್ತಿಗಳಿಗೆ ಅನ್ವಯ?

ಆವರಣವೆಂದರೆ ತರಗತಿ ಕೊಠಡಿ ಮಾತ್ರವಲ್ಲ. ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿನಿಲಯ, ಉಪಾಹಾರ ಗೃಹ ಮತ್ತು ಆಟದ ಮೈದಾನಗಳೂ ಅದರಲ್ಲಿ ಸೇರುತ್ತವೆ. ಸಂಸ್ಥೆಗೆ ಬಂದುಹೋಗಲು ಒದಗಿಸಿದ ವಾಹನ, ಅಧ್ಯಯನ ಪ್ರವಾಸ, ಕ್ಷೇತ್ರಕಾರ್ಯ, ಇಂಟರ್ನ್‌ಶಿಪ್, ಶಿಬಿರ, ಸಾಂಸ್ಕೃತಿಕ ಉತ್ಸವ ಹಾಗೂ ಕ್ರೀಡಾಕೂಟಗಳು ವಿಸ್ತೃತ ಆವರಣದ ವ್ಯಾಪ್ತಿಗೆ ಬರುತ್ತವೆ.

ಪ್ರವೇಶಾತಿ ಪ್ರಕ್ರಿಯೆಯಲ್ಲಿದ್ದು ಇನ್ನೂ ದಾಖಲಾಗದವರನ್ನೂ ಈ ನಿಯಮಗಳ ಉದ್ದೇಶಕ್ಕಾಗಿ ವಿದ್ಯಾರ್ಥಿ ಎಂದೇ ಪರಿಗಣಿಸಲಾಗುತ್ತದೆ. ಒಂದು ಕಾಲೇಜಿನ ವಿದ್ಯಾರ್ಥಿನಿ ಮತ್ತೊಂದು ಕಾಲೇಜಿನ ಕಾರ್ಯಕ್ರಮದಲ್ಲಿ ಭಾಗವಹಿಸಿದ ವೇಳೆ ಘಟನೆ ನಡೆದಲ್ಲಿ, ಘಟನೆ ನಡೆದ ಸಂಸ್ಥೆಯ ವಿದ್ಯಾರ್ಥಿನಿ ಎಂದು ಆಕೆಯನ್ನು ಪರಿಗಣಿಸತಕ್ಕದ್ದು. ಮಹಿಳೆಯರಲ್ಲದೆ ಪುರುಷ ವಿದ್ಯಾರ್ಥಿಗಳು ಮತ್ತು ತೃತೀಯ ಲಿಂಗಿ ವಿದ್ಯಾರ್ಥಿಗಳೂ ಇಂತಹ ದೌರ್ಜನ್ಯಕ್ಕೆ ಗುರಿಯಾಗಬಹುದೆಂಬುದನ್ನು ನಿಯಮಾವಳಿಗಳು ಗುರುತಿಸಿವೆ.

ಆಂತರಿಕ ದೂರು ಸಮಿತಿಯ ರಚನೆ

1. ಅಧ್ಯಕ್ಷಾಧಿಕಾರಿ: ಹಿರಿಯ ಮಹಿಳಾ ಅಧ್ಯಾಪಕರು. ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರ ದರ್ಜೆಗೆ, ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕರ ದರ್ಜೆಗೆ ಕಡಿಮೆ ಇಲ್ಲದವರು.
2. ಇಬ್ಬರು ಬೋಧಕರು ಹಾಗೂ ಇಬ್ಬರು ಬೋಧಕೇತರ ನೌಕರರು.
3. ಪ್ರಕರಣವು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಲ್ಲಿ, ಚುನಾಯಿತರಾದ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು.
4. ಸ್ವಯಂಸೇವಾ ಸಂಸ್ಥೆಯಿಂದ ಒಬ್ಬ ಹೊರಗಿನ ಸದಸ್ಯರು.

ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಸದಸ್ಯತ್ವದ ಅವಧಿ 3 ವರ್ಷ. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಮುಂತಾದ ಉನ್ನತ ಆಡಳಿತ ಹುದ್ದೆಯಲ್ಲಿರುವವರು ಸದಸ್ಯರಾಗುವಂತಿಲ್ಲ. ಸಂಸ್ಥೆಯ ಹೆಸರು ಕೆಡಬಾರದೆಂಬ ಆಡಳಿತದ ಕಾಳಜಿಯು ವಿಚಾರಣೆಯ ಮೇಲೆ ಪ್ರಭಾವ ಬೀರದಿರಲಿ ಎಂಬುದೇ ಈ ನಿರ್ಬಂಧದ ಆಶಯ. ಆದುದರಿಂದ ಪ್ರಾಂಶುಪಾಲರಿಗೋ ವಿಭಾಗ ಮುಖ್ಯಸ್ಥರಿಗೋ ಮೌಖಿಕವಾಗಿ ತಿಳಿಸಿದರೆ ದೂರು ಸಲ್ಲಿಕೆಯಾಯಿತೆಂದು ಭಾವಿಸಬಾರದು. ದೂರನ್ನು ಸಮಿತಿಗೇ ಸಲ್ಲಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು ಅಗತ್ಯ.

ದೂರು ಸಂಸ್ಥೆಯ ಮುಖ್ಯಸ್ಥರ ವಿರುದ್ಧವೇ ಇದ್ದಲ್ಲಿ, 2013ರ ಅಧಿನಿಯಮದಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ನೀಡಲು ಅವಕಾಶವಿದೆ.

ದೂರು ಸಲ್ಲಿಸುವ ಕಾಲಮಿತಿ

ಘಟನೆ ನಡೆದ ದಿನದಿಂದ 3 ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಸರಣಿ ಘಟನೆಗಳಾಗಿದ್ದಲ್ಲಿ ಕೊನೆಯ ಘಟನೆಯ ದಿನದಿಂದ ಲೆಕ್ಕ ಹಿಡಿಯಲಾಗುವುದು. ತಡವಾಗಲು ಸೂಕ್ತ ಕಾರಣವಿದ್ದಲ್ಲಿ, ಸಮಿತಿಯು ಕಾರಣಗಳನ್ನು ದಾಖಲಿಸಿ ಹೆಚ್ಚೆಂದರೆ ಮತ್ತೆ 3 ತಿಂಗಳು ವಿಸ್ತರಿಸಬಹುದು. ಬರೆಯಲಾಗದವರಿಗೆ ಸಮಿತಿಯ ಸದಸ್ಯರೇ ನೆರವಾಗತಕ್ಕದ್ದು. ನೊಂದವರು ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯದಿಂದ ದೂರು ನೀಡಲಾಗದಿದ್ದಲ್ಲಿ ಅಥವಾ ಮರಣ ಹೊಂದಿದ್ದಲ್ಲಿ, ಸ್ನೇಹಿತರು, ಬಂಧುಗಳು, ಸಹಪಾಠಿಗಳು ಅಥವಾ ಮನಃಶಾಸ್ತ್ರಜ್ಞರು ಅವರ ಪರವಾಗಿ ಸಲ್ಲಿಸಬಹುದಾಗಿದೆ.

ಈ ಕಾಲಮಿತಿಯನ್ನು ಲಘುವಾಗಿ ಪರಿಗಣಿಸಬಾರದು. ಪಶ್ಚಿಮ ಬಂಗಾಳದ ಒಂದು ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ಕೊನೆಯ ಘಟನೆಯಿಂದ 6 ತಿಂಗಳು ಮೀರಿದ ನಂತರ ಸಲ್ಲಿಸಿದ ದೂರು ಕಾಲಬಾಹಿರವೆಂಬ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು.

ವಿಚಾರಣೆಯ ಹಂತಗಳು

- ದೂರು ತಲುಪಿದ 7 ದಿನಗಳೊಳಗೆ ಅದರ ಪ್ರತಿಯನ್ನು ಎದುರುದಾರರಿಗೆ ಕಳುಹಿಸಬೇಕು.
- ಎದುರುದಾರರು 10 ದಿನಗಳೊಳಗೆ ಉತ್ತರ, ದಾಖಲೆಗಳು ಮತ್ತು ಸಾಕ್ಷಿಗಳ ಪಟ್ಟಿ ಸಲ್ಲಿಸಬೇಕು.
- ದೂರು ಸ್ವೀಕರಿಸಿದ 90 ದಿನಗಳೊಳಗೆ ವಿಚಾರಣೆ ಮುಗಿಯಬೇಕು.
- ಮುಗಿದ 10 ದಿನಗಳೊಳಗೆ ಶಿಫಾರಸು ಸಹಿತ ವರದಿಯನ್ನು ಕಾರ್ಯನಿರ್ವಾಹಕ ಪ್ರಾಧಿಕಾರಕ್ಕೆ ಸಲ್ಲಿಸಿ, ಎರಡೂ ಪಕ್ಷಗಳಿಗೆ ಪ್ರತಿ ನೀಡಬೇಕು.
- ವರದಿ ತಲುಪಿದ 30 ದಿನಗಳೊಳಗೆ ಪ್ರಾಧಿಕಾರವು ಕ್ರಮ ಕೈಗೊಳ್ಳಬೇಕು. ಅಸಮಾಧಾನವಿದ್ದ ಪಕ್ಷದವರು ಶಿಫಾರಸಿನ ದಿನಾಂಕದಿಂದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಉದಾಹರಣೆಗೆ, ಜುಲೈ 10ರಂದು ಘಟನೆ ನಡೆದಿದ್ದಲ್ಲಿ ದೂರು ನೀಡಲು ಅಕ್ಟೋಬರ್ 10ರವರೆಗೆ ಅವಕಾಶವಿದೆ. ಸೆಪ್ಟೆಂಬರ್ 1ರಂದು ದೂರು ಸಲ್ಲಿಸಿದರೆ, ಸೆಪ್ಟೆಂಬರ್ 8ರೊಳಗೆ ಪ್ರತಿ ಎದುರುದಾರರಿಗೆ ಹೋಗಬೇಕು; ನವೆಂಬರ್ 30ರೊಳಗೆ ವಿಚಾರಣೆ ಮುಗಿಯಬೇಕು; ಡಿಸೆಂಬರ್ 10ರೊಳಗೆ ವರದಿ ಸಲ್ಲಿಕೆಯಾಗಬೇಕು. ದಿನಾಂಕ ಮೀರಿದಲ್ಲಿ ದೂರುದಾರರು ಲಿಖಿತವಾಗಿ ಕಾರಣ ಕೇಳಬಹುದು.

ಪ್ರಾಧಿಕಾರವು ಸಮಿತಿಯ ಶಿಫಾರಸನ್ನು ಒಪ್ಪದಿದ್ದಲ್ಲಿ ಅದಕ್ಕೆ ಕಾರಣಗಳನ್ನು ಬರೆದು ಸಮಿತಿಗೂ ಎರಡೂ ಪಕ್ಷಗಳಿಗೂ ತಿಳಿಸತಕ್ಕದ್ದು. ಒಪ್ಪಿದಲ್ಲಿ, ಕ್ರಮಕ್ಕೆ ಗುರಿಯಾಗುವವರಿಗೆ 10 ದಿನಗಳೊಳಗೆ ಉತ್ತರಿಸುವಂತೆ ಕಾರಣ ಕೇಳುವ ನೋಟೀಸು ನೀಡಬೇಕು. ದೂರುದಾರರ, ಸಾಕ್ಷಿಗಳ ಹಾಗೂ ಎದುರುದಾರರ ಗುರುತನ್ನು ಬಹಿರಂಗಪಡಿಸುವಂತಿಲ್ಲ.

ಶೀಘ್ರತೆ ಅಗತ್ಯವಾದರೂ ಆತುರ ಸಲ್ಲದು. ಗೋವಾ ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2023ರ ಮೇ 12ರಂದು ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು, ಸಮಿತಿಯು ಬೆನ್ನುಬೆನ್ನಿಗೆ ಸಭೆಗಳನ್ನು ನಡೆಸಿ ಎದುರುದಾರರಿಗೆ ಸಾಕಷ್ಟು ಅವಕಾಶ ನೀಡಲಿಲ್ಲವೆಂಬ ಕಾರಣಕ್ಕೆ ಸೇವೆಯಿಂದ ವಜಾ ಮಾಡಿದ ಆದೇಶವನ್ನು ರದ್ದುಪಡಿಸಿ, ಪ್ರಕರಣವನ್ನು ಸಮಿತಿಗೇ ಹಿಂದಿರುಗಿಸಿತು. 2009ರ ದೂರು ಹದಿನಾಲ್ಕು ವರ್ಷಗಳ ನಂತರ ಪುನಃ ಸಮಿತಿಯ ಮುಂದೆ ಬಂದಿತು. ಎದುರುದಾರರಿಗೆ ನ್ಯಾಯಯುತ ಅವಕಾಶ ನೀಡುವುದು ದೂರುದಾರರ ಹಿತದೃಷ್ಟಿಯಿಂದಲೂ ಅಗತ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ವಿಚಾರಣೆ ನಡೆಯುತ್ತಿರುವಾಗ ದೊರೆಯುವ ರಕ್ಷಣೆ

ಅಂತಿಮ ವರದಿಗಾಗಿ ಕಾಯದೆ, ಸಮಿತಿಯ ಶಿಫಾರಸಿನ ಮೇರೆಗೆ ಈ ಕೆಳಕಂಡ ಕ್ರಮಗಳನ್ನು ಕೈಗೊಳ್ಳಬಹುದಾಗಿದೆ:

- ದೂರುದಾರರನ್ನು ಅಥವಾ ಎದುರುದಾರರನ್ನು ಬೇರೆ ವಿಭಾಗಕ್ಕೆ ವರ್ಗಾಯಿಸುವುದು.
- ದೂರುದಾರರಿಗೆ 3 ತಿಂಗಳವರೆಗೆ ರಜೆ ಹಾಗೂ ಹಾಜರಾತಿಯಲ್ಲಿ ವಿನಾಯಿತಿ ನೀಡುವುದು.
- ಎದುರುದಾರರು ಅಧ್ಯಾಪಕರಾಗಿದ್ದಲ್ಲಿ ದೂರುದಾರರ ಪರೀಕ್ಷೆ ಅಥವಾ ಸಂಶೋಧನೆಯ ಮೌಲ್ಯಮಾಪನ ಮಾಡದಂತೆ ತಡೆಯುವುದು.
- ದೂರವಿರುವಂತೆ ಎಚ್ಚರಿಸುವುದು. ನಿಶ್ಚಿತ ಬೆದರಿಕೆಯಿದ್ದಲ್ಲಿ ಆವರಣ ಪ್ರವೇಶವನ್ನು ನಿರ್ಬಂಧಿಸುವುದು.

ಮಾರ್ಗದರ್ಶಕರ ವಿರುದ್ಧ ದೂರು ನೀಡಿದರೆ ಪಿಎಚ್‌ಡಿ ನಿಲ್ಲುವುದೆಂಬ ಭಯದಿಂದ ಮೌನವಾಗಿರುವ ಸಂಶೋಧನಾ ವಿದ್ಯಾರ್ಥಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಬೇರೆ ಮಾರ್ಗದರ್ಶಕರನ್ನು ಒದಗಿಸುವಂತೆ ದೂರಿನಲ್ಲಿಯೇ ಕೋರಬಹುದು.

ಶಿಸ್ತುಕ್ರಮಗಳು

ತಪ್ಪಿತಸ್ಥರು ನೌಕರರಾಗಿದ್ದಲ್ಲಿ ಸೇವಾ ನಿಯಮಗಳನ್ವಯ ದಂಡನೆ ವಿಧಿಸಲಾಗುವುದು. ವಿದ್ಯಾರ್ಥಿಯಾಗಿದ್ದಲ್ಲಿ ತಪ್ಪಿನ ಗಂಭೀರತೆಗೆ ಅನುಗುಣವಾಗಿ ಗ್ರಂಥಾಲಯ, ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳನ್ನು ತಡೆಹಿಡಿಯಬಹುದು. ನಿಗದಿತ ಅವಧಿಗೆ ಅಮಾನತು ಮಾಡಬಹುದು. ಮರುಪ್ರವೇಶವನ್ನು ನಿರಾಕರಿಸಿ ಹೊರಹಾಕಬಹುದು. ಕಡ್ಡಾಯ ಆಪ್ತಸಮಾಲೋಚನೆ ಅಥವಾ ಸಮುದಾಯ ಸೇವೆಯನ್ನು ವಿಧಿಸಬಹುದು. ಮಾನಸಿಕ ಆಘಾತ, ವೈದ್ಯಕೀಯ ವೆಚ್ಚ ಮತ್ತು ಕೈತಪ್ಪಿದ ಅವಕಾಶಗಳನ್ನು ಪರಿಗಣಿಸಿ ನೊಂದವರಿಗೆ ಪರಿಹಾರವನ್ನೂ ಶಿಫಾರಸು ಮಾಡಬಹುದು.

ದೂರನ್ನು ಸಾಬೀತುಪಡಿಸಲು ಸಾಧ್ಯವಾಗಲಿಲ್ಲವೆಂಬ ಮಾತ್ರಕ್ಕೆ ದೂರುದಾರರ ವಿರುದ್ಧ ಕ್ರಮ ಜರುಗಿಸುವಂತಿಲ್ಲ. ದುರುದ್ದೇಶದಿಂದ ಸುಳ್ಳು ದೂರು ನೀಡಲಾಗಿದೆ ಎಂಬುದು ವಿಚಾರಣೆಯಿಂದ ಸ್ಥಿರಪಟ್ಟಲ್ಲಿ ಮಾತ್ರ ಕ್ರಮಕ್ಕೆ ಅವಕಾಶವಿದೆ.

ರಾಜಿ ಸಂಧಾನದ ಬಗ್ಗೆ ಎಚ್ಚರಿಕೆ

ನೊಂದವರು ತಾವಾಗಿಯೇ ಕೋರಿದಲ್ಲಿ ಮಾತ್ರ ಸಂಧಾನಕ್ಕೆ ಅವಕಾಶವುಂಟು. ಅದಕ್ಕೆ ಹಣದ ಒಪ್ಪಂದ ಆಧಾರವಾಗಿರಬಾರದು. ಅತ್ಯಾಚಾರವು ರಾಜಿಯಾಗಬಹುದಾದ ಅಪರಾಧವಲ್ಲ. "ಹುಡುಗಿಯ ಭವಿಷ್ಯ ಹಾಳಾಗುವುದು", "ಹುಡುಗನ ಓದು ನಿಲ್ಲುವುದು" ಎಂದು ಹೇಳಿ ದೂರು ಹಿಂಪಡೆಯುವಂತೆ ಯಾರೇ ಒತ್ತಾಯಿಸಿದರೂ ಅಂತಹ ಒತ್ತಡವನ್ನು ಸಮಿತಿಯ ಗಮನಕ್ಕೆ ಲಿಖಿತವಾಗಿ ತರಬೇಕು.

ಪೊಲೀಸ್ ಮತ್ತು ವೈದ್ಯಕೀಯ ನೆರವು

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಲೈಂಗಿಕ ಕಿರುಕುಳ, ಹಿಂಬಾಲಿಸುವುದು, ಗೋಪ್ಯವಾಗಿ ಚಿತ್ರೀಕರಿಸುವುದು ಹಾಗೂ ಅತ್ಯಾಚಾರ ಇದರಡಿ ಶಿಕ್ಷಾರ್ಹ ಅಪರಾಧಗಳು. ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಕಾರಾಗೃಹ ಶಿಕ್ಷೆಯಿದೆ. ಆಂತರಿಕ ಸಮಿತಿಯ 3 ತಿಂಗಳ ಕಾಲಮಿತಿಯು ಪೊಲೀಸ್ ದೂರಿಗೆ ಅನ್ವಯಿಸುವುದಿಲ್ಲ. ನೊಂದವರು ಪೊಲೀಸ್ ದೂರು ನೀಡಲು ಬಯಸಿದಲ್ಲಿ ನೆರವಾಗುವುದು ಸಮಿತಿಯ ಕರ್ತವ್ಯವಾಗಿದೆ.

ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ಮಹಿಳಾ ಅಧಿಕಾರಿಯೇ ನೊಂದ ಮಹಿಳೆಯ ಹೇಳಿಕೆಯನ್ನು ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು.

ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕು, ನಿರಾಕರಿಸುವುದು ಅಪರಾಧ. ವೈದ್ಯಕೀಯ ಪರೀಕ್ಷೆಗೆ ನೊಂದವರ ಒಪ್ಪಿಗೆ ಕಡ್ಡಾಯ. ಎರಡು ಬೆರಳಿನ ಪರೀಕ್ಷೆ ನಡೆಸುವುದು ದುರ್ನಡತೆ ಎಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಸ್ಪಷ್ಟಪಡಿಸಿದೆ. ಸಾಧ್ಯವಾದಷ್ಟು ಬೇಗ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ಘಟನೆಯ ವೇಳೆ ಧರಿಸಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿರಿಸುವುದು, ಸಂದೇಶಗಳು ಹಾಗೂ ಚಿತ್ರಗಳನ್ನು ಅಳಿಸದಿರುವುದು ಒಳಿತು. ಸ್ನಾನ ಮಾಡಿದ್ದರೂ, ದಿನಗಳು ಕಳೆದಿದ್ದರೂ ಚಿಕಿತ್ಸೆ ಮತ್ತು ದೂರಿನ ಹಕ್ಕು ಇದ್ದೇ ಇರುತ್ತದೆ.

ನೊಂದವರು 18 ವರ್ಷದೊಳಗಿನವರಾಗಿದ್ದಲ್ಲಿ ಪೋಕ್ಸೋ ಅಧಿನಿಯಮ ಅನ್ವಯವಾಗುತ್ತದೆ. ಅಂತಹ ಸಂದರ್ಭದಲ್ಲಿ ವಿಷಯ ತಿಳಿದ ಅಧ್ಯಾಪಕರು ಅಥವಾ ನಿಲಯಪಾಲಕರು ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಎರಡು ಮಾರ್ಗಗಳ ವ್ಯತ್ಯಾಸ

ನ್ಯಾಯಾಲಯದಲ್ಲಿ ಅಪರಾಧವು ಸಂಶಯಾತೀತವಾಗಿ ಸಾಬೀತಾಗಬೇಕು. ಸಮಿತಿಯ ಮುಂದೆ ಸಂಭವನೀಯತೆಯ ತೂಕ ಯಾವ ಕಡೆಗಿದೆ ಎಂಬುದು ಸಾಕು. ನ್ಯಾಯಾಲಯವು ಸೆರೆವಾಸ ವಿಧಿಸಬಲ್ಲದು. ಸಮಿತಿಯು ಆವರಣವನ್ನು ಸುರಕ್ಷಿತಗೊಳಿಸುವ ಕ್ರಮಗಳನ್ನು ಶಿಫಾರಸು ಮಾಡಬಲ್ಲದು. ಆದುದರಿಂದ ಪೊಲೀಸ್ ತನಿಖೆ ಬಾಕಿಯಿದೆ ಎಂಬ ಕಾರಣ ಮಾತ್ರದಿಂದ ಸಂಸ್ಥೆಯು ತನ್ನ ವಿಚಾರಣೆಯನ್ನು ಮುಂದೂಡುತ್ತಾ ಹೋಗುವುದು ಸಮಂಜಸವಲ್ಲ.

ಸಂಸ್ಥೆಯು ನಿಯಮ ಪಾಲಿಸದಿದ್ದಲ್ಲಿ

ಸಮಿತಿ ರಚಿಸದ ಅಥವಾ ನಿಯಮ ಉಲ್ಲಂಘಿಸುವ ಸಂಸ್ಥೆಗಳ ಅನುದಾನವನ್ನು ತಡೆಹಿಡಿಯುವ ಹಾಗೂ ಮಾನ್ಯತಾ ಪಟ್ಟಿಯಿಂದ ಹೆಸರನ್ನು ತೆಗೆದುಹಾಕುವ ಅಧಿಕಾರ ಯುಜಿಸಿಗೆ ಇದೆ. ಅಂತಹ ಸಂದರ್ಭಗಳಲ್ಲಿ ನಾಗರಿಕರು ಯುಜಿಸಿಗೆ ಅಥವಾ ಕರ್ನಾಟಕ ರಾಜ್ಯ ಮಹಿಳಾ ಆಯೋಗಕ್ಕೆ ಲಿಖಿತ ದೂರು ಸಲ್ಲಿಸಬಹುದಾಗಿದೆ.

ದೂರಿನಲ್ಲಿ ಇರಬೇಕಾದ ವಿವರಗಳು

1. ದೂರುದಾರರ ಹೆಸರು, ತರಗತಿ ಅಥವಾ ಹುದ್ದೆ.
2. ಎದುರುದಾರರ ಹೆಸರು, ತಿಳಿದಷ್ಟು ವಿವರ.
3. ಘಟನೆಯ ದಿನಾಂಕ, ಸಮಯ, ಸ್ಥಳ. ನಡೆದ ಸಂಗತಿ ಅನುಕ್ರಮವಾಗಿ.
4. ಸಾಕ್ಷಿಗಳು ಹಾಗೂ ದಾಖಲೆಗಳಿದ್ದಲ್ಲಿ ಅವುಗಳ ಪಟ್ಟಿ. ಸಾಕ್ಷಿಗಳಿಲ್ಲವೆಂದು ದೂರನ್ನು ಕೈಬಿಡಬಾರದು.
5. ಕೋರುವ ತಕ್ಷಣದ ರಕ್ಷಣೆ.
6. ತಡವಾಗಿದ್ದಲ್ಲಿ ಕಾರಣ.

ತುರ್ತು ಸಂಪರ್ಕ

ತುರ್ತು ಸೇವೆ: 112. ಮಹಿಳಾ ಸಹಾಯವಾಣಿ: 181. ಮಕ್ಕಳ ಸಹಾಯವಾಣಿ: 1098. ಉಚಿತ ಕಾನೂನು ನೆರವು: 15100. ಜಿಲ್ಲೆಗಳಲ್ಲಿರುವ ಸಖಿ ಕೇಂದ್ರಗಳಲ್ಲಿ ವೈದ್ಯಕೀಯ, ಪೊಲೀಸ್, ಕಾನೂನು ಮತ್ತು ಆಪ್ತಸಮಾಲೋಚನಾ ನೆರವನ್ನು ಪಡೆಯಬಹುದಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಯಾವುದೇ ಸಂದೇಹ ಉಂಟಾದಲ್ಲಿ ಮೂಲ ಅಧಿನಿಯಮ ಮತ್ತು ನಿಯಮಾವಳಿಗಳೇ ಅಂತಿಮವಾಗಿರುತ್ತವೆ.