ಮಲಪ್ರಭೆಯ ತವರಿನ ಸಿಳ್ಳಾರ

ಕೂಡಲಸಂಗಮದಲ್ಲಿ ಹುಟ್ಟಿ ಬೆಳೆದ ನಮಗೆ ಮಲಪ್ರಭೆ ಕೃಷ್ಣೆಯನ್ನು ಸೇರುವ ಸ್ಥಳ ಗೊತ್ತು. ಅವಳು ಹುಟ್ಟುವ ಸ್ಥಳ ಗೊತ್ತಿರಲಿಲ್ಲ. ಕಳೆದ ಆಷಾಢದಲ್ಲಿ ಖಾನಾಪುರ ತಾಲೂಕಿನ ಕಣಕುಂಬಿಗೆ ಸೋದರಮಾವನ ಬಳಿ ಹೋದಾಗ ನದಿಯ ಉಗಮವನ್ನು ಕಂಡೆ; ಅದರೊಡನೆ ಒಂದು ಹಕ್ಕಿಯನ್ನೂ ಕಂಡೆ.

ಇನ್ನೂ ನಸುಕು. ಹಳ್ಳದ ಕಡೆಯಿಂದ ಯಾರೋ ಸಿಳ್ಳು ಹಾಕುತ್ತಿದ್ದರು. ರಾಗವಿತ್ತು, ಹಾಡು ಯಾವುದೆಂದು ತಿಳಿಯದು; ಏರುವುದು, ಮರೆತಂತೆ ನಿಲ್ಲುವುದು, ಮತ್ತೆ ತೊಡಗುವುದು.

"ಇಷ್ಟ್ ಮಳ್ಯಾಗ ಯಾರ್ ಮಾವಾ ಅದು?" ಎಂದೆ.

ಮಾವ ನಕ್ಕರು. "ಮನುಷ್ಯಾ ಅಲ್ಲೋ ಅಳಿಯಾ, ಹಕ್ಕಿ!"

ಅದೇ ಸಿಳ್ಳಾರ. ಇಂಗ್ಲಿಷರು ಇದಕ್ಕಿಟ್ಟ ಹೆಸರು ‘ಸಿಳ್ಳು ಹಾಕುವ ಶಾಲಾ ಹುಡುಗ’. ಶಾಸ್ತ್ರೀಯ ನಾಮ ಮಯೋಫೋನಸ್ ಹಾರ್ಸ್‌ಫೀಲ್ಡಿ. ಮುಖ್ಯವಾಗಿ ಪಶ್ಚಿಮ ಘಟ್ಟಗಳ ನಿವಾಸಿ. ಕೃಷ್ಣೆ ಹುಟ್ಟುವ ಮಹಾಬಳೇಶ್ವರವೂ ಇದರ ನೆಲೆಯೇ. ಎಂದಮೇಲೆ ನಮ್ಮ ಸಂಗಮದಲ್ಲಿ ಕೂಡುವ ಎರಡೂ ಹೊಳೆಗಳು ಇದರ ಸಿಳ್ಳು ಕೇಳಿಯೇ ಇಳಿದುಬಂದಂತಾಯಿತು!

ಗುರುತಿಸುವುದು ಹೇಗೆ? ಉದ್ದ ಸುಮಾರು 25 ಸೆಂಟಿಮೀಟರು. ದೂರದಿಂದ ಬರಿ ಕಪ್ಪು ಹಕ್ಕಿ. ಮೊದಲೆರಡು ದಿನ ನಾನು ಕಂಡದ್ದೂ ಅಷ್ಟೇ, ನಿರಾಶನಾದೆ. ಮೂರನೆಯ ದಿನ ಮೋಡ ಸರಿದು ಬಿಸಿಲು ಬಿದ್ದಾಗ ಹಣೆಯ ಮೇಲೂ ಹೆಗಲ ಮೇಲೂ ಹೊಳೆಹೊಳೆಯುವ ನೀಲಿ ಎದ್ದು ಕಂಡಿತು. ಕೊಕ್ಕು, ಕಾಲು ಕಪ್ಪು. ಹಿಮಾಲಯದಲ್ಲಿರುವ ಇದರ ದಾಯಾದಿಗೆ ಕೊಕ್ಕು ಹಳದಿ. ಗಂಡು ಹೆಣ್ಣುಗಳಿಗೆ ರೂಪಭೇದವಿಲ್ಲ.

ಇದನ್ನು ಅರಸಿ ಕಾಡೆಲ್ಲ ಅಲೆಯಬೇಕಾಗಿಲ್ಲ. ಹಳ್ಳದ ದಂಡೆಯಲ್ಲಿ ಸದ್ದಿಲ್ಲದೆ ಕುಳಿತರೆ ಸಾಕು. ಹುಳು, ಏಡಿ, ಬಸವನಹುಳು, ಕಪ್ಪೆ, ಹಣ್ಣುಗಳು ಇದರ ಆಹಾರ. ನೀರಿನ ಬದಿಯ ಬಂಡೆಯ ಸಂದಿನಲ್ಲಿ ಹಾವಸೆ, ಬೇರು, ಮಣ್ಣು ಸೇರಿಸಿ ಗೂಡು ಕಟ್ಟುತ್ತದೆ.

ಊರಿಗೆ ಮರಳಿ ಎಲ್ಲವನ್ನೂ ಅಪ್ಪನಿಗೆ ವರ್ಣಿಸಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: "ತಮ್ಮಾ, ಅಲ್ಲೆ ಅಡವಿ ಇನ್ನೂ ಐತೇನು?"

ನಾನು ತಬ್ಬಿಬ್ಬಾದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಮಲಪ್ರಭೆ ಎಷ್ಟೋ ಕಡೆ ಬರಿ ಮರಳು. 2019ರ ಆಗಸ್ಟಿನಲ್ಲಿ ಅದೇ ಹೊಳೆ ಊರೂರನ್ನೇ ಮುಳುಗಿಸಿತು. ಘಟ್ಟದ ಅಡವಿ ಮಳೆಯನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಹಳ್ಳಕ್ಕೆ ಬಿಡುತ್ತದೆ. ಆ ನೆರಳೂ ಆ ಹಳ್ಳವೂ ಇದ್ದಲ್ಲಿ ಮಾತ್ರ ಸಿಳ್ಳಾರ ಬಾಳೀತು. ನಾನು ಹಕ್ಕಿಯ ಬಣ್ಣವನ್ನು ಎಣಿಸುತ್ತಿದ್ದೆ. ಅಪ್ಪ ಹೊಲಕ್ಕೆ ಬರುವ ನೀರನ್ನು ನೆನೆಯುತ್ತಿದ್ದರು. ವಿಷಯ ಒಂದೇ ಆಗಿತ್ತು.

"ಐತಪ್ಪಾ" ಎಂದೆ. "ಹಕ್ಕಿ ಇನ್ನೂ ಸಿಳ್ಳ ಹಾಕಾಕ್ಹತ್ತೈತಿ."

ಮಿತ್ರರೇ, ಘಟ್ಟದ ಕಡೆ ಹೋದಾಗ ನಸುಕಿನಲ್ಲೇ ಎದ್ದು ಕಿವಿಗೊಡಿರಿ. ಅದು ನಮ್ಮ ಹೊಳೆಯ ಕ್ಷೇಮಸಮಾಚಾರ.